ಒಂದೇ ಲೈಬ್ರರಿ, ಊರಿಗೊಂದು ಹೆಸರು: ಬಿಲ್ಡ್ ಅವಲಂಬನೆಗಳನ್ನು ಹೊಂದಿಸುವ ಬಗೆ

ಬಿಲ್ಡ್ ಅವಲಂಬನೆ ಎಂದರೇನು?

ತಂತ್ರಾಂಶವೊಂದನ್ನು ಅದರ ಸೋರ್ಸ್ ಕೋಡ್‌ನಿಂದ ಕಟ್ಟಲು ಬೇಕಾಗುವ ಕಂಪೈಲರ್, ಲೈಬ್ರರಿ, ಹೆಡರ್ ಕಡತಗಳೇ ಬಿಲ್ಡ್ ಅವಲಂಬನೆಗಳು. ಕಟ್ಟಿ ಮುಗಿದ ಪ್ರೋಗ್ರಾಂ ಓಡಲು ಲೈಬ್ರರಿಯೊಂದಿದ್ದರೆ ಸಾಕು. ಕಟ್ಟುವಾಗ ಅದರ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ಪರಿಚಯಿಸುವ ಹೆಡರ್‌ಗಳೂ ಕೈಗೆ ಸಿಗಬೇಕು.

ತೊಡಕು ಎಲ್ಲಿದೆ?

ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಪ್ಯಾಕೇಜನ್ನೇ ನೋಡಿ. ಅದರ ಒಳಗೆ ಕೆಲಸ ಮಾಡುವುದು ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2 ಲೈಬ್ರರಿ. ಇದರ ಹೆಡರ್‌ಗಳು ಲಿನಕ್ಸ್ ವಿತರಣೆಯಾದ ಡೆಬಿಯನ್‌ನಲ್ಲಿ 'ಲಿಬ್‌ಎಕ್ಸ್‌ಎಂಎಲ್2-ಡೆವ್' ಎಂಬ ಪ್ಯಾಕೇಜಿನಲ್ಲಿವೆ, ಇನ್ನೊಂದು ವಿತರಣೆ ಫೆಡೋರಾದಲ್ಲಿ 'ಲಿಬ್‌ಎಕ್ಸ್‌ಎಂಎಲ್2-ಡೆವೆಲ್' ಎಂಬುದರಲ್ಲಿ. ಆರ್ಚ್ ಲಿನಕ್ಸ್ ಹೆಡರ್‌ಗಳನ್ನು ಬೇರ್ಪಡಿಸದೆ ಮೂಲ ಪ್ಯಾಕೇಜಿನಲ್ಲೇ ಇಡುತ್ತದೆ. ಪೈಥಾನ್ ಪ್ಯಾಕೇಜುಗಳ ಭಂಡಾರ ಪೈಪಿಐಗೆ ಈ ಯಾವ ಹೆಸರಿನ ಪರಿಚಯವೂ ಇಲ್ಲ. ಹಾಗಾಗಿ ಅಲ್ಲಿಂದ ಪ್ಯಾಕೇಜುಗಳನ್ನು ಸ್ಥಾಪಿಸುವ ಪಿಪ್ ತನ್ನ ಪಾಲಿನ ಅವಲಂಬನೆಗಳನ್ನೆಲ್ಲ ತಂದಿಟ್ಟರೂ, 'ಎಕ್ಸ್‌ಎಂಎಲ್‌ವರ್ಷನ್.ಎಚ್' ಕಡತ ಸಿಗಲಿಲ್ಲ ಎಂದು ಕಂಪೈಲರ್ ನಿಂತುಬಿಡಬಹುದು.

ವಿತರಣೆಗಳು ಕಂಡುಕೊಂಡ ದಾರಿ

ಡೆಬಿಯನ್‌ನ ಪ್ರತಿ ಸೋರ್ಸ್ ಪ್ಯಾಕೇಜಿನ ಕಂಟ್ರೋಲ್ ಕಡತದಲ್ಲಿ 'ಬಿಲ್ಡ್-ಡಿಪೆಂಡ್ಸ್' ಪಟ್ಟಿ ಇರುತ್ತದೆ. 'ಆಪ್ಟ್ ಬಿಲ್ಡ್-ಡೆಪ್' ಆದೇಶ ಆ ಪಟ್ಟಿಯನ್ನು ಓದಿ ಎಲ್ಲವನ್ನೂ ತಂದು ಸ್ಥಾಪಿಸುತ್ತದೆ. ಫೆಡೋರಾದಲ್ಲಿ ಈ ಕೆಲಸ 'ಡಿಎನ್‌ಎಫ್ ಬಿಲ್ಡ್‌ಡೆಪ್'ನದು.

ಫೆಡೋರಾ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಪ್ಯಾಕೇಜಿನ ಹೆಸರಿನ ಬದಲು 'ಪಿಕೆಜಿಕಾನ್ಫಿಗ್(ಲಿಬ್‌ಎಕ್ಸ್‌ಎಂಎಲ್-2.0)' ಎಂದು ಬರೆದರೂ ನಡೆಯುತ್ತದೆ. ಲೈಬ್ರರಿ ತಾನೇ ಘೋಷಿಸಿಕೊಳ್ಳುವ ಈ ಗುರುತು ಎಲ್ಲ ವಿತರಣೆಗಳಲ್ಲೂ ಒಂದೇ. ಅದನ್ನು ಯಾವ ಪ್ಯಾಕೇಜ್ ಒದಗಿಸುತ್ತದೆ ಎಂಬುದನ್ನು ವ್ಯವಸ್ಥೆಯೇ ಹುಡುಕಿಕೊಳ್ಳುತ್ತದೆ. ಹೆಸರಿನ ಗೋಜಲಿಗೆ ಇದಕ್ಕಿಂತ ಅಚ್ಚುಕಟ್ಟಾದ ಪರಿಹಾರ ಸಿಗುವುದು ಕಷ್ಟ.

ಪೈಥಾನ್ ಲೋಕದ ಉತ್ತರಗಳು

2016ರ ಪೈಥಾನ್ ಸುಧಾರಣಾ ಪ್ರಸ್ತಾವ ಪೆಪ್ 513 'ಮೆನಿಲಿನಕ್ಸ್' ವ್ಹೀಲ್‌ಗಳಿಗೆ, ಅಂದರೆ ಮೊದಲೇ ಕಟ್ಟಿಟ್ಟ ಪ್ಯಾಕೇಜುಗಳಿಗೆ, ದಾರಿ ಮಾಡಿತು. ಬೇಕಾದ ಸಿ ಲೈಬ್ರರಿಗಳನ್ನು ಒಳಗೇ ತುಂಬಿಕೊಂಡು ಬರುವ ಇವು ಬಳಕೆದಾರರಿಗೆ ಕಟ್ಟುವ ಕೆಲಸವನ್ನೇ ತಪ್ಪಿಸುತ್ತವೆ. ಆದರೆ ಲಿಬ್‌ಎಕ್ಸ್‌ಎಂಎಲ್2ರಲ್ಲಿ ಭದ್ರತಾ ದೋಷ ಕಂಡುಬಂದಾಗ ಡೆಬಿಯನ್ ಕೊಡುವ ತಿದ್ದುಪಡಿ ವ್ಹೀಲ್ ಒಳಗಿನ ಪ್ರತಿಯನ್ನು ಮುಟ್ಟುವುದಿಲ್ಲ. ಹೊಸ ವ್ಹೀಲ್ ಬರುವವರೆಗೆ ಕಾಯಬೇಕು. ಕೊಂಡಾ ಎಂಬ ಪ್ಯಾಕೇಜ್ ವ್ಯವಸ್ಥಾಪಕ ಪೈಥಾನ್ ಪ್ಯಾಕೇಜುಗಳನ್ನೂ ಸಿ ಲೈಬ್ರರಿಗಳನ್ನೂ ಒಂದೇ ವ್ಯವಸ್ಥೆಯಡಿ ತಂದಿತು. ಹೊರಗಿನ ಅವಲಂಬನೆಗಳನ್ನು ಪ್ರಾಜೆಕ್ಟ್ ಕಡತದಲ್ಲೇ ನಮೂದಿಸಲು 2023ರ ಪೆಪ್ 725 ಕರಡು ಒಂದು ವಿಧಾನವನ್ನು ಸೂಚಿಸಿದೆ.

ಭಂಡಾರಗಳನ್ನು ಬೆರೆಸುವಾಗ

ಪಿಪ್‌ಗೆ ಪೈಪಿಐ ಜೊತೆಗೆ ಖಾಸಗಿ ಭಂಡಾರವನ್ನೂ ತೋರಿಸಿದರೆ, ಎರಡೂ ಕಡೆ ಒಂದೇ ಹೆಸರಿರುವಾಗ ಅದು ಸಾಮಾನ್ಯವಾಗಿ ಹೆಚ್ಚಿನ ಆವೃತ್ತಿಯನ್ನೇ ಆರಿಸುತ್ತದೆ. ಆಂತರಿಕ ಪ್ಯಾಕೇಜಿನ ಹೆಸರಿನಲ್ಲಿ ಯಾರಾದರೂ ಪೈಪಿಐಗೆ ದೊಡ್ಡ ಆವೃತ್ತಿ ಸಂಖ್ಯೆಯ ಕೋಡ್ ಏರಿಸಿದರೆ ಅದೇ ಒಳಬರುತ್ತದೆ. 2021ರಲ್ಲಿ ಸಂಶೋಧಕ ಅಲೆಕ್ಸ್ ಬಿರ್ಸನ್ ಈ ಅಪಾಯವನ್ನು ಬಯಲಿಗೆಳೆದರು. ಪ್ರತಿ ಪ್ಯಾಕೇಜ್ ಯಾವ ಭಂಡಾರದಿಂದ ಬರಬೇಕೆಂದು ನಿಗದಿಪಡಿಸುವುದು, ಅದರ ಬೆರಳಚ್ಚಿನಂಥ ಹ್ಯಾಶ್ ಅನ್ನು ಆವೃತ್ತಿಗಳನ್ನು ನಿಗದಿಪಡಿಸುವ ಲಾಕ್ ಕಡತದಲ್ಲಿ ದಾಖಲಿಸುವುದು ಇದಕ್ಕೆ ರಕ್ಷಣೆ.

ಖಾತ್ರಿ ಮಾಡಿಕೊಳ್ಳುವುದು ಹೇಗೆ?

ವರ್ಷಗಟ್ಟಲೆ ಬಳಸಿದ ಕಂಪ್ಯೂಟರ್‌ನಲ್ಲಿ ಹಿಂದೆಂದೋ ಹಾಕಿದ ಹೆಡರ್‌ಗಳು ಉಳಿದಿರುತ್ತವೆ, ಅವಲಂಬನೆಗಳ ಪಟ್ಟಿಯ ಕೊರತೆಯನ್ನು ಮುಚ್ಚಿಡುತ್ತವೆ. ಅದಕ್ಕೆಂದೇ ಡೆಬಿಯನ್‌ನವರು 'ಎಸ್‌ಬಿಲ್ಡ್', ಫೆಡೋರಾದವರು 'ಮಾಕ್' ಬಳಸಿ, ಅಗತ್ಯ ಸಾಮಗ್ರಿಯಷ್ಟೇ ಇರುವ ಹೊಸ ಪರಿಸರದಲ್ಲಿ ಪ್ಯಾಕೇಜ್ ಕಟ್ಟುತ್ತಾರೆ. ಚಿಕ್ಕ ಪ್ರಾಜೆಕ್ಟಿಗೂ ಇದೇ ಶಿಸ್ತು ಬೇಕು: ಖಾಲಿ ಕಂಟೇನರ್‌ನಲ್ಲಿ ಪಟ್ಟಿಯಲ್ಲಿರುವುದನ್ನು ಮಾತ್ರ ಸ್ಥಾಪಿಸಿ ಕಟ್ಟಿ ನೋಡಿ. ಅಲ್ಲಿ ಕಟ್ಟಿಕೊಂಡರೆ ಮಾತ್ರ ನಿಮ್ಮ ಅವಲಂಬನೆಗಳ ಪಟ್ಟಿ ಪೂರ್ಣವಾಗಿದೆ ಎನ್ನಬಹುದು.