ಸೊನೆ, ಕನಸು, ರೂಪ

ಮಾವಿನಕಾಯಿಯ ತೊಟ್ಟು ಮುರಿದಾಗ ಒಸರುವುದು ಸೊನೆ. ಗ್ರೀಕರ ‘ಓಪೊಸ್’ ಎಂದರೂ ಅದೇ. ಗಸಗಸೆ ಗಿಡದ ಹಸಿಕಾಯಿಯನ್ನು ಗೀರಿದರೆ ಬರುವ ಹಾಲುಸೊನೆಗೆ ಅವರು ‘ಓಪಿಯೊನ್’ ಎಂದರು. ಅರಬ್ಬರಲ್ಲಿ ಅದು ‘ಅಫ್ಯೂನ್’ ಆಯಿತು. ಪಾರಸಿ, ಹಿಂದೂಸ್ತಾನಿಗಳನ್ನು ದಾಟಿ ನಮ್ಮಲ್ಲಿಗೆ ‘ಅಫೀಮು’ ಆಗಿ ಬಂತು. ಸಂಸ್ಕೃತದ ವೈದ್ಯರು ಅದನ್ನು ‘ಅಹಿಫೇನ’ ಮಾಡಿಕೊಂಡರು, ಅಂದರೆ ಹಾವಿನ ನೊರೆ. ಹೊರಗಿನ ಸದ್ದಿಗೆ ಒಳಗಿನ ಅರ್ಥ ಹೊಲಿದ ಜಾಣತನವದು.

1805ರ ಸುಮಾರಿಗೆ ಜರ್ಮನಿಯ ಫ್ರೀಡ್ರಿಶ್ ಸೆರ್ಟ್ಯೂರ್ನರ್ ಈ ಸೊನೆಯ ಸಾರವನ್ನು ಬೇರ್ಪಡಿಸಿದ. ಓವಿಡ್‌ನ ಕಾವ್ಯದಲ್ಲಿ ಬರುವ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕೆ ಇಟ್ಟ. ಅದೇ ಇಂದಿನ ಮಾರ್ಫಿನ್. ಗ್ರೀಕಿನ ‘ಮಾರ್ಫೆ’ ಎಂದರೆ ರೂಪ. ಕನಸಿನಲ್ಲಿ ಮನುಷ್ಯರ ರೂಪ ತಾಳಿ ಬರುವವನು ಮಾರ್ಫಿಯಸ್.

ಕ್ಯಾನ್ಸರ್ ರೋಗಿಗೆ ಮಾತ್ರ ಈ ಹೆಸರು ಅಣಕದಂತಿತ್ತು. ಬಾಯಿಂದ ಕೊಟ್ಟ ಮಾರ್ಫಿನ್ ಸುಮಾರು 4 ಗಂಟೆ ನೋವು ತಡೆಯುತ್ತದೆ. ನೋವು ಮರಳುವ ಮೊದಲೇ ಮುಂದಿನ ಡೋಸು ಕೊಡಬೇಕೆಂದು ಪಟ್ಟುಹಿಡಿದವರು 1967ರಲ್ಲಿ ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ ಕೊನೆಗಾಲದ ಆರೈಕೆಮನೆ ತೆರೆದ ಸಿಸಿಲಿ ಸಾಂಡರ್ಸ್. ಗಡಿಯಾರ ನೋಡಿ ಕೊಡುವುದೆಂದರೆ ರಾತ್ರಿ 2 ಗಂಟೆಗೂ ರೋಗಿಯನ್ನು ಎಬ್ಬಿಸಬೇಕು. ಕನಸಿನ ದೇವರ ಮದ್ದಿಗಾಗಿ ನಿದ್ದೆಗೇಡು!

1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ನ್ಯಾಪ್ ಕಂಪನಿ 12 ಗಂಟೆಯ ಮಾತ್ರೆ ತಂದಿತು. ಅದರಲ್ಲಿದ್ದದ್ದು ಅದೇ ಮಾರ್ಫಿನ್. ಜೊತೆಗೆ ಸಸ್ಯನಾರಿನಿಂದ ಮಾಡಿದ ಅಂಟು, ಮೇಣದಂಥ ಒಂದು ವಸ್ತು. ಹೊಟ್ಟೆಯ ತೇವ ತಗುಲಿದರೆ ಅಂಟು ಉಬ್ಬಿ ಲೋಳೆಯಾಗುತ್ತದೆ, ಮದ್ದು ಅದರೊಳಗಿಂದ ಮೆಲ್ಲಗೆ ಜಿನುಗುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ನಡುವೆ ನಿದ್ದೆ. ಮಾರ್ಫಿನ್ ಬದಲಾಗಲಿಲ್ಲ, ಅದರ ‘ಮಾರ್ಫೆ’ ಬದಲಾಯಿತು. ಕಾಯಿಯ ಮೇಲೆ ಹನಿಹನಿಯಾಗಿ ಒಸರುತ್ತಿದ್ದದ್ದು ಹೊಟ್ಟೆಯೊಳಗೂ ಒಸರತೊಡಗಿತು.

ಅದಕ್ಕೇ ಈ ಮಾತ್ರೆಯನ್ನು ಅಗಿಯಬಾರದು, ಅರೆಯಬಾರದು, ಇಡಿಯಾಗಿ ನುಂಗಬೇಕು. ರೂಪ ಕೆಟ್ಟರೆ 12 ಗಂಟೆಯ ಮದ್ದು ಒಮ್ಮೆಗೇ ನೆತ್ತರಿಗೆ ನುಗ್ಗಿ ಉಸಿರೇ ನಿಲ್ಲಬಹುದು. 1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, ಅಫೀಮಿನ ಕುಲದ್ದೇ ನೋವುಮದ್ದಾದ ಆಕ್ಸಿಕಂಟಿನ್ ಕೂಡ ಹೀಗೆ ಮೆಲ್ಲಗೆ ಜಿನುಗಬೇಕಾದ ಮಾತ್ರೆಯೇ. ಅದನ್ನು ಪುಡಿಮಾಡಿ ಮೂಗಿಗೆ ಏರಿಸಿದವರು ಮಲಗಿದ್ದ ಹಾವನ್ನು ಎಬ್ಬಿಸಿದರು.

ಕನ್ನಡದ ‘ಮದ್ದು’ ಈ ಎರಡನ್ನೂ ಮೊದಲೇ ಬಲ್ಲದು: ನೋವಿಗೆ ಕೊಡುವುದೂ ಮದ್ದು, ತುಪಾಕಿಗೆ ತುಂಬುವುದೂ ಮದ್ದು.