ಹಂಗಾಮಿಗೆ ತಕ್ಕ ಗಾಲಿ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಹಿಮ ಬೀಳುವುದಿಲ್ಲ. ಮಾಗಿಯ ನಸುಕಿನಲ್ಲೂ ಉಷ್ಣಾಂಶ ಹತ್ತು ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿಯುವುದು ಅಪರೂಪ. ಹಾಗಾಗಿ ತಂಪು ದೇಶಗಳಲ್ಲಿ ಕಾರಿಗೆ ತೊಡಿಸುವ ಚಳಿಗಾಲದ ಟಾಯರ್ ಇಲ್ಲಿ ಯಾರಿಗೂ ಬೇಕಿಲ್ಲ. ಆದರೆ ಹಂಗಾಮು ನೋಡಿ ಗಾಲಿ ಆರಿಸುವ ರೂಢಿ ಈ ಸೀಮೆಗೆ ಮೋಟಾರು ಬರುವುದಕ್ಕಿಂತ ಹಳೆಯದು. ಅಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಎರಿ ಮಣ್ಣಿನ ರಾಡಿ ಮಾಡುತ್ತದೆ. ಹೊಲಕ್ಕೆ ಒಗ್ಗಿದ ಗಾಲಿ ರಸ್ತೆಗೆ ಒಗ್ಗುವುದಿಲ್ಲ, ರಸ್ತೆಗೆ ಒಗ್ಗಿದ್ದು ಹೊಲದಲ್ಲಿ ಹೂತುಕೊಳ್ಳುತ್ತದೆ. ಕಟ್ಟಿಗೆಯ ಚಕ್ಕಡಿಯಿಂದ ಇಂದಿನ ಕಾರಿನವರೆಗೆ ಇಲ್ಲಿನ ಗಾಲಿಗಳ ಇತಿಹಾಸವೆಲ್ಲ ಈ ಜಗಳದ ಸುತ್ತಲೇ ಇದೆ.

ಮೂರೂ ತಾಲ್ಲೂಕುಗಳ ನೆಲ ಒಂದೇ ತೆರನಾಗಿಲ್ಲ. ಹುಕ್ಕೇರಿಯ ಪಡುವಣ ಅಂಚು ಸಹ್ಯಾದ್ರಿಗೆ ಹತ್ತಿರ. ಅಲ್ಲಿ ಮಳೆ ಹೆಚ್ಚು, ಗುಡ್ಡ ಹೆಚ್ಚು. ಗೋಕಾಕ ದಾಟಿ ಮೂಡಲಗಿಯ ಕಡೆಗೆ ಬಂದಂತೆ ಮಳೆ ಕಡಿಮೆಯಾಗಿ ಎರಿ ಭೂಮಿ ಹರಡಿಕೊಳ್ಳುತ್ತದೆ. ಎರಿಯ ಜೇಡಿಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿಬಿಟ್ಟ ಅದೇ ಹೊಲ, ಎರಡು ಮಳೆ ಬಿದ್ದರೆ ಮೆಟ್ಟಿದ ಕಾಲನ್ನು ಬಿಡುವುದಿಲ್ಲ. ಗಾಲಿಗೆ ಹತ್ತಿದ ರಾಡಿಯ ಮೇಲೆ ರಾಡಿ ಕೂತು, ಕೊನೆಗೆ ಗಾಲಿ ಉರುಳುವುದನ್ನು ಬಿಟ್ಟು ಮುದ್ದೆಯಾಗಿ ಜಾರುತ್ತದೆ.

ಕಬ್ಬಿಣದ ಹಳಿಯ ಕಾಲ

ಈ ರಾಡಿಗೆ ಹಳಬರು ಕಂಡುಕೊಂಡ ಉತ್ತರ ದೊಡ್ಡ, ಕಿರಿದಾದ ಗಾಲಿ. ಆಳೆದೆಯ ಎತ್ತರದ ಗಾಲಿ ತಗ್ಗು ದಾಟುವಾಗ ತಗ್ಗಿನೊಳಗೆ ಇಳಿಯುವುದು ಕಡಿಮೆ. ಕಿರಿದಾದ ಅಂಚು ಮೇಲಿನ ರಾಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಗುಂಬ, ಆರೆಕಾಲು, ಸುತ್ತಿನ ಬಾಗು ತುಂಡುಗಳು ಬಡಿಗನ ಕೆಲಸ. ಇದಕ್ಕೆ ಜಾಲಿಯ ಕಟ್ಟಿಗೆಗೆ ಬೆಲೆ. ಇವನ್ನೆಲ್ಲ ಬಿಗಿಹಿಡಿಯುವ ಕಬ್ಬಿಣದ ಹಳಿ ಕಂಬಾರನದು.

ಹಳಿ ತೊಡಿಸುವುದು ನೋಡುವಂಥ ಕೆಲಸ. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬೆಸೆದಿರುತ್ತಾರೆ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕಬ್ಬಿಣ ಕೆಂಪಾದ ಮೇಲೆ ಮೂರ್ನಾಲ್ಕು ಮಂದಿ ಇಕ್ಕಳ ಹಿಡಿದು ಎತ್ತಿ ಗಾಲಿಯ ಮೇಲಿಟ್ಟು ಸುತ್ತಿಗೆಯಿಂದ ಕೂರಿಸುತ್ತಾರೆ. ಕಟ್ಟಿಗೆ ಹೊತ್ತಿ ಹೊಗೆಯಾಡುವಷ್ಟರಲ್ಲಿ ನೀರು ಸುರಿಯಬೇಕು. ಚುಂಯ್ ಎಂದು ಹಬೆಯೆದ್ದು, ಹಳಿ ಕುಗ್ಗಿ, ಒಂದೊಂದು ಕೀಲೂ ಕಿರ್ರೆಂದು ಒಳಗೆ ಸರಿಯುವ ಸದ್ದು ಕೇಳುತ್ತದೆ. ಲೆಕ್ಕ ಹಾಕಿದರೆ, 1.4 ಮೀಟರ್ ಅಡ್ಡಳತೆಯ ಗಾಲಿಯ ಹಳಿಯು 500 ಡಿಗ್ರಿಯಷ್ಟು ಕಾದಾಗ ಸುತ್ತಳತೆಯಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಹಿಗ್ಗುತ್ತದೆ. ಕಂಬಾರ ಈ ಲೆಕ್ಕವನ್ನು ಬೆರಳಿನ ಅಳತೆಯಲ್ಲಿ ಇಟ್ಟುಕೊಂಡಿದ್ದ.

ಹಂಗಾಮಿನ ಕಾಟ ಈ ಗಾಲಿಗೂ ತಪ್ಪಿರಲಿಲ್ಲ. ಚೈತ್ರ, ವೈಶಾಖದ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗಿದರೆ ಹಳಿ ಸಡಿಲಾಗಿ ಖಡಖಡ ಅನ್ನುತ್ತಿತ್ತು. ಆಗ ಗಾಲಿ ಕಳಚಿ ಹಳ್ಳದಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಕಟ್ಟಿಗೆ ಉಬ್ಬಿ ಮತ್ತೆ ಬಿಗಿಯಾಗುತ್ತಿತ್ತು. ಅಂದಿನ ಬೇಸಿಗೆ ದುರಸ್ತಿಗೆ ಖರ್ಚೆಂದರೆ ಇಷ್ಟೇ.

1887ರಲ್ಲಿ ಗೋಕಾಕ ಜಲಪಾತದ ಮಗ್ಗುಲಲ್ಲಿ ಹತ್ತಿ ಗಿರಣಿ ಶುರುವಾದಾಗ ಚಕ್ಕಡಿಗೆ ಹೊಲದ ಜತೆಗೆ ರಸ್ತೆಯ ಕೆಲಸವೂ ಬಂತು. ರೈಲು ಗೋಕಾಕ ಊರೊಳಗೆ ಬರಲಿಲ್ಲ. ದೂರದ ನಿಲ್ದಾಣಕ್ಕೆ ಇಂದಿಗೂ ಗೋಕಾಕ ರೋಡ್ ಎಂದೇ ಹೆಸರು. ನಿಲ್ದಾಣದಿಂದ ಆಚೆಗಿನ ಸಾಗಾಟಕ್ಕೆ ಎತ್ತುಗಳೇ ಗತಿ. ಆಗಲೇ ಮೊದಲಿನ ಜಗಳ ಹತ್ತಿಕೊಂಡದ್ದು. ರಾಡಿಯನ್ನು ಸೀಳುವ ಕಿರಿದಾದ ಹಳಿ ಖಡಿ ಹಾಕಿದ ರಸ್ತೆಯನ್ನೂ ಸೀಳುತ್ತದೆ. ಗಾಡಿಗಳು ಒಂದರ ಹಿಂದೊಂದು ಅದೇ ಜಾಡಿನಲ್ಲಿ ಹೋದರೆ ಒಂದೇ ಮಳೆಗಾಲಕ್ಕೆ ರಸ್ತೆಯಲ್ಲಿ ಎರಡು ಕಾಲುವೆ. ರಸ್ತೆಗಳ ಕುರಿತಾದ 1927ರ ಜಯಕರ ಸಮಿತಿಯ ನಂತರ ದೇಶದಲ್ಲಿ ರಸ್ತೆ ನಿಧಿ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿಕೊಂಡವು. ಅಲ್ಲಿನ ಇಂಜಿನಿಯರುಗಳಿಗೆ ಎತ್ತಿನ ಗಾಡಿಯ ಕಬ್ಬಿಣದ ಹಳಿ ತೀರದ ತಲೆನೋವಾಗಿತ್ತು. ರೈತ ರಸ್ತೆ ಕೆಡಿಸುತ್ತಾನೆ ಎಂದು ಅವರು ಅಂದದ್ದರಲ್ಲಿ ಸುಳ್ಳಿಲ್ಲ. ಆದರೆ ಆ ರಸ್ತೆಗೆ ಬರುವ ಮೊದಲು ಅವನು ದಾಟಿದ ಹೊಲದ ಲೆಕ್ಕ ಅವರಲ್ಲಿರಲಿಲ್ಲ.

ಡನ್ಲಪ್ ಗಾಡಿ

ಗಾಳಿ ತುಂಬಿದ ರಬ್ಬರು ಗಾಲಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ಬಳಕೆಗೆ ತಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್. ದನದ ವೈದ್ಯನೊಬ್ಬನ ಹೆಸರು ಎತ್ತಿನ ಗಾಡಿಗೆ ಅಂಟಿಕೊಂಡದ್ದು ಕಾಕತಾಳೀಯವಾದರೂ ಚೆಂದವಾಗಿದೆ. ಅವನ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಆ ದಶಕದಿಂದಲೇ ಎತ್ತಿನ ಗಾಡಿಗೆ ಗಾಳಿ ಟಾಯರ್ ಹಾಕುವ ಪ್ರಚಾರ ಶುರುವಾಯಿತು. ಈ ಸೀಮೆಯಲ್ಲಿ ಟಾಯರ್ ಯಾವ ಕಂಪನಿಯದಾದರೂ ಗಾಡಿ ಮಾತ್ರ ‘ಡನ್ಲಪ್ ಗಾಡಿ’, ಇಲ್ಲವೆ ‘ಟಾಯರ್ ಗಾಡಿ’.

ಟಾಯರ್ ಗಾಡಿಯ ಗುಟ್ಟು ರಬ್ಬರಿನಲ್ಲಿ ಎಷ್ಟಿದೆಯೋ ಬೇರಿಂಗಿನಲ್ಲೂ ಅಷ್ಟೇ ಇದೆ. ಹಳೆಯ ಗಾಡಿಯಲ್ಲಿ ಕೀಲೆಣ್ಣೆ ಸವರಿದ ಅಚ್ಚಿನ ಮೇಲೆ ಗುಂಬ ಉಜ್ಜಿಕೊಂಡು ತಿರುಗಬೇಕಿತ್ತು. ಗುಜರಿಯಿಂದ ತಂದ ಮೋಟಾರಿನ ಅಚ್ಚು, ಗಾಲಿ ಹಾಕಿದ ಕೂಡಲೇ ಅದೇ ಜೋಡಿ ಎತ್ತು ಡಾಂಬರಿನ ಮೇಲೆ ಇಮ್ಮಡಿ ಭಾರ ಎಳೆಯತೊಡಗಿದವು. ಆದರೆ ಹಸಿ ಎರಿಯಲ್ಲಿ ಅಗಲ ಟಾಯರ್ ನೆಲ ಹಿಡಿಯದೆ ಜಾರುತ್ತದೆ. ಜಾಲಿಮುಳ್ಳು ಚುಚ್ಚಿದರೆ ಪಂಚರ್. ಇಳಿಜಾರಿನಲ್ಲಿ ಭಾರವೆಲ್ಲ ಎತ್ತಿನ ಹೆಗಲ ಮೇಲೆ ಬರುತ್ತದೆ. ಹೊಲದವನು ಕಟ್ಟಿಗೆಯ ಗಾಲಿಯನ್ನು ಬೇಗ ಬಿಡದಿದ್ದುದಕ್ಕೆ ಇದೇ ಕಾರಣ; ಅದನ್ನು ಹಳೆಯ ಹಟ ಎನ್ನುವುದು ತಪ್ಪು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಯನ್ನೇ ಬಾಳಿನ ಕೆಲಸ ಮಾಡಿಕೊಂಡರು. ದೇಶದ ಒಂದೂವರೆ ಕೋಟಿಯಷ್ಟು ಗಾಡಿಗಳ ಗಾಲಿ, ಅಚ್ಚು, ನೊಗ ಸರಿಪಡಿಸಿದರೆ ಎತ್ತಿನ ಹೆಗಲೂ ಉಳಿಯುತ್ತದೆ, ರಸ್ತೆಯೂ ಉಳಿಯುತ್ತದೆ ಎಂಬುದು ಅವರ ವಾದ.

ಕಬ್ಬಿನ ಹಂಗಾಮು

ಗಾಲಿಯ ಕತೆಯನ್ನು ತಿರುಗಿಸಿದ್ದು ನೀರು. 1897ರ ಧೂಪದಾಳ ಒಡ್ಡು, ಅದರ ಮೇಲ್ಗಡೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಕಟ್ಟಿದ 51 ಟಿಎಂಸಿ ಅಡಿಯ ರಾಜಾ ಲಖಮಗೌಡ ಜಲಾಶಯ ಮತ್ತು ಘಟಪ್ರಭಾ ಕಾಲುವೆಗಳು ಜೋಳ, ಹತ್ತಿಯ ನೆಲವನ್ನು ಕಬ್ಬಿನ ನೆಲವಾಗಿಸಿದವು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಣಶ್ಯಾಳ ಪಿ.ಜಿ.ಯ ಸತೀಶ ಶುಗರ್ಸ್, ಬೆಲ್ಲದ ಬಾಗೇವಾಡಿಯ ವಿಶ್ವನಾಥ ಶುಗರ್ಸ್ ಹೀಗೆ ಚಿಮಣಿಗಳು ಎದ್ದವು. ಕಬ್ಬು ಕಡಿದ ಮೇಲೆ ಬೇಗ ನುರಿಯಬೇಕು. ತಡವಾದರೆ ತೂಕವೂ ಸಕ್ಕರೆಯೂ ಇಳಿಯುತ್ತವೆ. ಎತ್ತಿನ ಹೆಜ್ಜೆಗೆ ಕಾಯುವ ತಾಳ್ಮೆ ಕಾರ್ಖಾನೆಗೆ ಇರಲಿಲ್ಲ. ಟ್ರ್ಯಾಕ್ಟರ್ ಬಂತು.

ದೀಪಾವಳಿಯ ಹೊತ್ತಿಗೆ ಹತ್ತಿದ ಹಂಗಾಮು ಯುಗಾದಿಯ ತನಕ ನಡೆಯುತ್ತದೆ. ಈ ತಿಂಗಳುಗಳಲ್ಲಿ ಟ್ರ್ಯಾಕ್ಟರಿನ ಹಿಂದಿನ ಟಾಯರ್ ನೋಡಿದರೆ ಮಾಲೀಕನ ಇಕ್ಕಟ್ಟು ಗೊತ್ತಾಗುತ್ತದೆ. ಅದರ ಎತ್ತರದ ಹಲ್ಲುಗಳು ಬಾಣದ ಮೊನೆಯಂತೆ ಕೂಡಿರುತ್ತವೆ. ಮುಂದೆ ಹೋಗುವಾಗ ಮೊನೆ ಮೊದಲು ನೆಲ ಮುಟ್ಟಬೇಕು. ಆಗ ರಾಡಿ ಎರಡೂ ಬದಿಗೆ ಜಾರಿ ಹೊರಗೆ ಬೀಳುತ್ತದೆ. ಟಾಯರನ್ನು ತಿರುವುಮುರುವಾಗಿ ಕೂರಿಸಿದರೆ ರಾಡಿ ನಡುವೆ ತುಂಬಿಕೊಂಡು ಗಾಲಿ ನಿಂತಲ್ಲೇ ತಿರುಗುತ್ತದೆ. ಹೊಲದಲ್ಲಿ ಹಿಡಿತ ಸಾಲದಿದ್ದರೆ ಅದೇ ಟಾಯರಿನ ಮುಕ್ಕಾಲು ಭಾಗದವರೆಗೆ ನೀರು ತುಂಬಿಸಿ ಭಾರ ಕೂಡಿಸುತ್ತಾರೆ. ಎರಡು ಟ್ರೇಲರ್ ಕಟ್ಟಿಕೊಂಡು ಡಾಂಬರಿನ ಮೇಲೆ ಹತ್ತಾರು ಕಿಲೋಮೀಟರ್ ಓಡುವಾಗ ಆ ಎತ್ತರದ ಹಲ್ಲುಗಳೇ ಬೇಗ ಸವೆಯುತ್ತವೆ, ನೀರಿನ ಭಾರಕ್ಕೆ ಡೀಸೆಲ್ ಹೋಗುತ್ತದೆ. ಹಲ್ಲು ಕಡಿಮೆ ಇರುವ ಟಾಯರ್ ಹಾಕಿದರೆ ರಸ್ತೆಯಲ್ಲಿ ಲಾಭ. ಆದರೆ ಹಿಂದಿನ ದಿನ ನೀರು ಹಾಯಿಸಿದ ಗದ್ದೆಯಿಂದ ಹೊರಬರಲು ಇನ್ನೊಂದು ಟ್ರ್ಯಾಕ್ಟರ್ ಕರೆಯಬೇಕು. ಈ ಜಗ್ಗಾಟವನ್ನೇ ಆಟ ಮಾಡಿಕೊಂಡು ಬೆಳಗಾವಿ ಜಿಲ್ಲೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ, ಟ್ರೇಲರ್ ಸಮೇತ ಹಿಮ್ಮುಖ ಓಡಿಸುವ ಪಂದ್ಯಗಳು ನಡೆಯುತ್ತವೆ.

ಟ್ರೇಲರಿನ ಟಾಯರ್ ಆರಿಸುವಾಗ ಯಾರೂ ಇಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಅಲ್ಲಿಗೆ ಸಾಮಾನ್ಯವಾಗಿ ರಿಮೋಲ್ಡ್ ಮಾಡಿದ್ದು ಅಥವಾ ಲಾರಿಯಿಂದ ಕಳಚಿದ ಬೋಳು ಟಾಯರ್. ಭಾರ ಹೆಚ್ಚು, ಬ್ರೇಕ್ ಕಡಿಮೆ. ನಡುದಾರಿಯಲ್ಲಿ ಟಾಯರ್ ಸಿಡಿದು ಕಬ್ಬು ಉರುಳಿದರೆ ಹಿಂದಿನ ಸಾಲೆಲ್ಲ ನಿಂತುಬಿಡುತ್ತದೆ. ಹಂಗಾಮು ಬಂದಾಗಲೆಲ್ಲ ಪೊಲೀಸರು ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿ ಹಚ್ಚಿಸುತ್ತಾರೆ. ಟಾಯರ್ ಕಡೆ ಬ್ಯಾಟರಿ ಬಿಟ್ಟು ನೋಡುವವರು ಕಡಿಮೆ.

ಕಾರು

ಕಾರಿನವನಿಗೆ ಈ ಸೀಮೆಯ ಚಳಿಗಾಲ ಅಂದರೆ ಕಬ್ಬಿನ ರಸ್ತೆ. ಹೊಲದಿಂದ ಹೊರಬರುವ ಟ್ರ್ಯಾಕ್ಟರ್ ತನ್ನ ಹಲ್ಲಿನಲ್ಲಿ ಹಿಡಿದು ತಂದ ಎರಿಯನ್ನು ತಿರುವಿನಲ್ಲೇ ಉದುರಿಸುತ್ತದೆ. ನಸುಕಿನ ಇಬ್ಬನಿಗೆ ಅದು ನೆನೆದರೆ ಡಾಂಬರಿನ ಮೇಲೆ ಸಾಬೂನು ಸವರಿದಂತೆ. ಮೇಲೆ ಕಬ್ಬಿನ ರವದಿ, ಜಜ್ಜಿದ ಜಲ್ಲೆ. ಮೂಡಲಗಿಯ ಕಡೆ ಡಿಸೆಂಬರಿನ ಬೆಳಗಿನ ಜಾವ ಬ್ರೇಕ್ ಒತ್ತಿ ಜಾರಿದವನಿಗೆ ಹಿಮ ಕಾಣದೆಯೂ ಹಿಮದ ಪಾಠವಾಗಿರುತ್ತದೆ.

ನಿಜವಾದ ಹಿಮದ ನಾಡಾದ ಫಿನ್‌ಲೆಂಡಿನ ರಬ್ಬರ್ ಕಾರ್ಖಾನೆಯೊಂದು 1934ರಲ್ಲಿ ಲಾರಿಗೂ, 1936ರಲ್ಲಿ ಕಾರಿಗೂ ಹಿಮದ ಟಾಯರ್ ಮಾಡಿತು. ಇಂದಿನ ನೋಕಿಯನ್ ಟಾಯರ್ಸ್ ಅದರ ಮುಂದುವರಿಕೆ. ಚಳಿಗಾಲದ ಟಾಯರಿನ ರಬ್ಬರು ಏಳು ಡಿಗ್ರಿಗಿಂತ ಕೆಳಗೂ ಬಿರುಸಾಗುವುದಿಲ್ಲ; ಅದರ ಹಲ್ಲುಗಳ ಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಸೀಳುಗಳಿದ್ದು ಅವು ಹಿಮವನ್ನು ಕಚ್ಚುತ್ತವೆ. ಅದನ್ನೇ ನಲವತ್ತು ಡಿಗ್ರಿ ಮುಟ್ಟುವ ಗೋಕಾಕದ ಮೇ ತಿಂಗಳಲ್ಲಿ ಓಡಿಸಿದರೆ ಮೆತ್ತಗಾಗಿ ಬೇಗ ಸವೆಯುತ್ತದೆ, ಬ್ರೇಕಿಗೆ ತಡವಾಗಿ ನಿಲ್ಲುತ್ತದೆ. ಉಕ್ಕಿನ ಮೊಳೆ ಹೊಡೆದ ಟಾಯರುಗಳ ಕತೆಯಂತೂ ನಮ್ಮ ಹಳಿಯದೇ: ಮಂಜುಗಡ್ಡೆಯನ್ನು ಕಚ್ಚುವ ಮೊಳೆ ರಸ್ತೆಯನ್ನೂ ಕೆತ್ತುತ್ತಿತ್ತು, ಅದಕ್ಕೇ ಪಶ್ಚಿಮ ಜರ್ಮನಿ 1975ರಲ್ಲಿ ಅದನ್ನು ನಿಲ್ಲಿಸಿತು. ಅಲ್ಲೀಗ ಅಕ್ಟೋಬರಿನಿಂದ ಈಸ್ಟರಿನವರೆಗೆ ಚಳಿಗಾಲದ ಟಾಯರ್ ಎಂಬುದು ರೂಢಿಮಾತು. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ರಸ್ತೆಯಿದ್ದರೆ ಕಡ್ಡಾಯ; ಕೆನಡಾದ ಕ್ವಿಬೆಕ್ ಪ್ರಾಂತ 2008ರಿಂದ ಕಡ್ಡಾಯ ಮಾಡಿದೆ. ಆ ದೇಶಗಳಿಗೆ ಹೋಗಿ ನೆಲೆಸಿದ ಕನ್ನಡದ ಮನೆಗಳವರು ಟಾಯರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಹುಡುಕಬೇಕು. ದೀಪಾವಳಿಗೆ ಹಾಕಿ ಯುಗಾದಿಗೆ ತೆಗೆಯುವುದೆಂದರೆ ಊರಿನ ಹಿರಿಯರಿಗೂ ಅರ್ಥವಾಗುತ್ತದೆ: ಅದು ಕಬ್ಬಿನ ಲೆಕ್ಕ.

ಈ ಸೀಮೆಯ ಕಾರಿಗೆ ಬೇಕಾದದ್ದು ಒದ್ದೆ ರಸ್ತೆಯ ಟಾಯರ್. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಘಟ್ಟಕ್ಕೆ ಮಳೆಗಾಲದಲ್ಲಿ ಹೋಗುವವರು ಬಹಳ. ಅಲ್ಲಿನ ವರ್ಷದ ಮಳೆ ಏಳು ಸಾವಿರ ಮಿಲಿಮೀಟರಿನ ಸುತ್ತಮುತ್ತ, ಗೋಕಾಕದ್ದು ಅದರ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಊರಲ್ಲಿ ನಡೆದುಹೋಗುವ ಬೋಳು ಟಾಯರ್ ಘಟ್ಟದಲ್ಲಿ ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಭಾರತದ ಮೋಟಾರು ವಾಹನ ನಿಯಮದಂತೆ ಕಾರಿನ ಟಾಯರಿನ ತೋಡು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ಮಳೆಗೆ ಮೂರು ಮಿಲಿಮೀಟರ್ ಇದ್ದರೆ ಮೇಲು. 2022ರ ಅಕ್ಟೋಬರಿನಿಂದ ಹೊಸ ವಿನ್ಯಾಸದ ಟಾಯರುಗಳಿಗೆ ಒದ್ದೆಯಲ್ಲಿ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರರ ಮಟ್ಟ ಕಡ್ಡಾಯವಾಗಿದೆ. ಕೊಳ್ಳುವಾಗ ಬದಿಯಲ್ಲಿ ಕೊನೆಯ ನಾಲ್ಕು ಅಂಕಿ ನೋಡಬೇಕು: 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯ ಮುಂದೆ ಬಿಸಿಲಿಗೆ ಒಟ್ಟಿದ್ದು ಎಷ್ಟು ಹೊಸದಾಗಿ ಹೊಳೆದರೂ ವಯಸ್ಸು ಹೇಳುವುದು ಈ ಅಂಕಿಯೇ.

ಕಾರಿನಿಂದ ಕಳಚಿದ ಟಾಯರ್ ಇಲ್ಲಿ ಕೂಡಲೇ ಗುಜರಿಗೆ ಹೋಗುವುದಿಲ್ಲ. ಸ್ವಲ್ಪ ಜೀವ ಉಳಿದಿದ್ದರೆ ಟಾಯರ್ ಗಾಡಿಗೆ ಬರುತ್ತದೆ. ಅದೂ ಮುಗಿದರೆ ಚಪ್ಪಲಿಯ ಅಟ್ಟೆಯಾಗುತ್ತದೆ, ಇಲ್ಲವೆ ಗಾಳಿಗೆ ಹಾರದಂತೆ ಕೊಟ್ಟಿಗೆಯ ತಗಡಿನ ಮೇಲೆ ಕೂರುತ್ತದೆ. ಅದಕ್ಕೂ ಮೊದಲು ಒಂದಷ್ಟು ದಿನ ಹುಡುಗರು ಕೋಲು ಹಿಡಿದು ಓಣಿಯಲ್ಲಿ ಉರುಳಿಸುತ್ತಾರೆ.