ಪದಕೋಶವೂ ಮೂಲಸಂಕೇತವೇ? ಅನುಸಾರಕದ ನೆಲೆಯಿಂದ ಸ್ವತಂತ್ರ ತಂತ್ರಾಂಶದ ಮರುವಿಚಾರ

ಸ್ವತಂತ್ರ ತಂತ್ರಾಂಶದ ತತ್ತ್ವಗಳ ಬಗ್ಗೆ ಈಗ ದೊಡ್ಡ ತಕರಾರಿಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಪ್ರಕಟಿಸಿದ ಮೇಲೆ ರೂಪುಗೊಂಡ ನಾಲ್ಕು ಸ್ವಾತಂತ್ರ್ಯಗಳು ಎಲ್ಲರಿಗೂ ಗೊತ್ತಿರುವಂಥವೇ: ಯಾವ ಉದ್ದೇಶಕ್ಕಾದರೂ ಬಳಸುವುದು, ಒಳಗನ್ನು ಅಭ್ಯಸಿಸಿ ತಿದ್ದುವುದು, ಪ್ರತಿ ಹಂಚುವುದು, ತಿದ್ದಿದ್ದನ್ನೂ ಹಂಚುವುದು. ಬೆಲೆಗೂ ಇವಕ್ಕೂ ಸಂಬಂಧವಿಲ್ಲ. ಮಾರಿದ ತಂತ್ರಾಂಶ ಸ್ವತಂತ್ರವಾಗಿರಬಹುದು, ಪುಕ್ಕಟೆ ಸಿಕ್ಕಿದ್ದು ಅಲ್ಲದಿರಬಹುದು. ತಿದ್ದಬೇಕಾದರೆ ಮೂಲಸಂಕೇತ ಕೈಗೆ ಸಿಗಬೇಕೆಂಬುದೂ ಒಪ್ಪಿತವೇ. ಆದರೆ ಮೂಲಸಂಕೇತದ ಎಲ್ಲೆ ಎಲ್ಲಿಯವರೆಗೆ? ಕ್ರಮವಿಧಿಯ ಸಾಲುಗಳಷ್ಟೇ ಮೂಲಸಂಕೇತವೆಂಬ ರೂಢಿಯ ಉತ್ತರ ಭಾಷಾ ತಂತ್ರಾಂಶಕ್ಕೆ ಸಾಲದು.

ಇದಕ್ಕೆ ಆಧಾರ ಹೈದರಾಬಾದಿನ ಲಿಂಗಂಪಲ್ಲಿಯ ನೆರೆಯಲ್ಲೇ ಇದೆ. ಐಐಟಿ ಕಾನ್ಪುರದಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮೊದಲಾದವರು ‘ಅಕ್ಷರ ಭಾರತಿ’ ಎಂಬ ಸಾಮೂಹಿಕ ಹೆಸರಿನಲ್ಲಿ ಆರಂಭಿಸಿದ ‘ಅನುಸಾರಕ’ 1990ರ ದಶಕದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಬಂತು. ಕನ್ನಡ, ತೆಲುಗು, ಮರಾಠಿ, ಬಂಗಾಳಿ, ಪಂಜಾಬಿಗಳಿಂದ ಹಿಂದಿಗೆ ದಾಟಿಸುವ ಈ ವ್ಯವಸ್ಥೆಗೆ ಅದರ ನಿರ್ಮಾಪಕರು ಆರಿಸಿಕೊಂಡದ್ದು ಗ್ನು ಯೋಜನೆಯ ಜಿಪಿಎಲ್ ಪರವಾನಗಿಯನ್ನು. ‘ಮರದಲ್ಲಿ’ ಎಂಬುದನ್ನು ‘ಮರ’ ಮತ್ತು ಸಪ್ತಮಿ ಎಂದು ಬಿಡಿಸುವುದು, ‘ಮನೆಯಲ್ಲಿ’ ಎಂಬಲ್ಲಿ ಯಕಾರಾಗಮವನ್ನು ಗುರುತಿಸುವುದು, ಆಮೇಲೆ ದ್ವಿಭಾಷಾ ಪದಕೋಶದಲ್ಲಿ ಹಿಂದಿ ಪದ ಹುಡುಕುವುದು ಇದರ ಕೆಲಸದ ಕ್ರಮ. ಬಿಡಿಸುವ ಯಂತ್ರಕ್ಕೆ ಕನ್ನಡವೂ ಒಂದೇ, ತೆಲುಗೂ ಒಂದೇ. ಕನ್ನಡತನವೆಲ್ಲ ರೂಪಪಟ್ಟಿ ಮತ್ತು ಪದಕೋಶಗಳಲ್ಲಿದೆ.

ಲಿಂಗಂಪಲ್ಲಿಯಿಂದ ವಾಡಿಯ ಕಡೆಗೆ ಹೋಗುವ ರೈಲುಮಾರ್ಗದ ಆಚೆ ತುದಿ ಕಲಬುರಗಿ ಸೀಮೆ. ಆ ಸೀಮೆಯ ಓದುಗನೊಬ್ಬ ‘ಮಾಡ್ಲಾಕ’ ಎಂಬ ರೂಪವನ್ನು ವ್ಯವಸ್ಥೆ ಗುರುತಿಸಬೇಕೆಂದು ಬಯಸಿದರೆ ಯಂತ್ರದ ಸಂಕೇತದಲ್ಲಿ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಕ್ರಿಯಾರೂಪಗಳ ಪಟ್ಟಿಗೆ ಪ್ರತ್ಯಯವೊಂದನ್ನು ಸೇರಿಸಿದರಾಯಿತು. ಪಟ್ಟಿ ಮುಚ್ಚಿದ್ದು ಯಂತ್ರ ಮಾತ್ರ ತೆರೆದಿದ್ದರೆ, ತಿದ್ದುವ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ಉಳಿಯುತ್ತದೆ. ಸ್ಟಾಲ್‌ಮನ್ ನಿಘಂಟುಗಳನ್ನೂ ಕ್ರಮವಿಧಿಗಳ ಜೊತೆಗೆ ಉಪಯುಕ್ತ ಕೃತಿಗಳ ವರ್ಗದಲ್ಲೇ ಇಟ್ಟಿದ್ದಾರೆ, ನಿಜ. ಆದರೂ ಅವರ ಎಣಿಕೆಯಲ್ಲಿ ಅವು ಅಕ್ಕಪಕ್ಕದ ಎರಡು ಕೃತಿಗಳು. ಅನುಸಾರಕದಲ್ಲಿ ಅವು ಒಂದೇ ಕೃತಿ. 1991ರ ಜಿಪಿಎಲ್ ಎರಡನೆಯ ಆವೃತ್ತಿ ನನ್ನ ಓದಿಗೆ ಹೆಚ್ಚು ಒದಗುತ್ತದೆ: ತಿದ್ದುಪಡಿಗೆ ಯಾವ ರೂಪ ಹೆಚ್ಚು ಒಪ್ಪುವುದೋ ಅದೇ ಮೂಲಸಂಕೇತವೆಂದು ಅದು ನಿರೂಪಿಸುತ್ತದೆ. ಹಾಗಾದರೆ ರೂಪಪಟ್ಟಿ, ಪದಕೋಶಗಳನ್ನು ತಿದ್ದಲು ಬರುವ ರೂಪದಲ್ಲಿ ಕೊಡದ ಭಾಷಾ ತಂತ್ರಾಂಶವು ಸ್ವತಂತ್ರವಲ್ಲ ಎನ್ನಬೇಕಾಗುತ್ತದೆ. ಇದನ್ನು ನಿಯಮಾಧಾರಿತ ವ್ಯವಸ್ಥೆಗಳ ಮಟ್ಟಿಗೆ ಮಾತ್ರ ಹೇಳುತ್ತಿದ್ದೇನೆ. ಪರವಾನಗಿಯ ಕಾನೂನುಬದ್ಧ ಅರ್ಥ ಇದೇ ಎಂಬ ಹಟವೂ ನನ್ನದಲ್ಲ. ಎಲ್ಲ ನಿಘಂಟುಗಳೂ ಸ್ವತಂತ್ರವಾಗಬೇಕೆಂಬ ಬೇಡಿಕೆಯಂತೂ ಅಲ್ಲವೇ ಅಲ್ಲ. ತಂತ್ರಾಂಶದೊಳಗೆ ಸೇರಿ ಅದನ್ನು ನಡೆಸುವ ಭಾಗಕ್ಕಷ್ಟೇ ಈ ಮಾತು.

ನಿಘಂಟುಕಾರನ ದುಡಿಮೆಗೆ ಇದರಿಂದ ಅನ್ಯಾಯವಾಗದೇ ಎಂಬ ಆಕ್ಷೇಪ ಹಗುರವಾದುದಲ್ಲ. 1894ರ ಕಿಟ್ಟೆಲ್ ನಿಘಂಟಿನ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಅದನ್ನು ಮುಂದಿಟ್ಟುಕೊಂಡು ಜಾರಿಕೊಳ್ಳುವುದು ಸುಲಭ. ಪ್ರಶ್ನೆಯಿರುವುದು ಹೊಸ ಕೋಶಗಳ ಬಗ್ಗೆ. ಆದರೆ ಕ್ರಮವಿಧಿ ಬರೆದವನ ದುಡಿಮೆಗೂ ಇದೇ ಆಕ್ಷೇಪ ಅನ್ವಯಿಸುತ್ತದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ, ತಿದ್ದುಪಡಿಗಳಾದ ಮೇಲೆ, ಕಂಪ್ಯೂಟರ್ ಕ್ರಮವಿಧಿಯನ್ನೂ ಪಟ್ಟಿ-ಸಂಕಲನಗಳನ್ನೂ ‘ಸಾಹಿತ್ಯ ಕೃತಿ’ ಎಂಬ ಒಂದೇ ವ್ಯಾಖ್ಯೆಯಡಿ ತಂದಿದೆ. ಒಬ್ಬನಿಗೆ ಸಂಭಾವನೆ ಕೊಟ್ಟು ಸ್ವತಂತ್ರ ತಂತ್ರಾಂಶ ಬರೆಸಬಹುದಾದರೆ ಇನ್ನೊಬ್ಬನಿಗೂ ಕೊಟ್ಟು ಸ್ವತಂತ್ರ ಪದಕೋಶ ಬರೆಸಬಹುದು.

ನರಜಾಲ ಮಾದರಿಗಳಿಗೆ ಈ ವಾದ ಎಷ್ಟರಮಟ್ಟಿಗೆ ಒಗ್ಗುತ್ತದೆಂದು ನಾನು ತೀರ್ಮಾನಿಸಲಾರೆ. 2024ರ ಅಕ್ಟೋಬರಿನಲ್ಲಿ ಓಪನ್ ಸೋರ್ಸ್ ಇನಿಷಿಯೇಟಿವ್ ಪ್ರಕಟಿಸಿದ ಓಪನ್ ಸೋರ್ಸ್ ಎಐ ವ್ಯಾಖ್ಯೆ ತರಬೇತಿ ದತ್ತಾಂಶದ ವಿವರಗಳನ್ನು ಕೇಳುತ್ತದೆ, ದತ್ತಾಂಶವನ್ನೆಲ್ಲ ಕೊಡಲೇಬೇಕೆನ್ನುವುದಿಲ್ಲ. ಇಂಥ ಮಾದರಿಯಲ್ಲಿ ‘ಮಾಡ್ಲಾಕ’ವನ್ನು ಸೇರಿಸಲು ಬೆರಳಿಟ್ಟು ತೋರಿಸಬಹುದಾದ ಸಾಲಿಲ್ಲ. ಮೂಲ ದತ್ತಾಂಶವಿಲ್ಲದೆ ಸಂಖ್ಯಾಭಾರಗಳ ಮೇಲೆಯೇ ಮತ್ತಷ್ಟು ತರಬೇತಿ ಕೊಟ್ಟೂ ಮಾದರಿಯನ್ನು ಬದಲಿಸಬಹುದಾದ್ದರಿಂದ, ತಿದ್ದುಪಡಿಗೆ ಒಪ್ಪುವ ರೂಪ ದತ್ತಾಂಶವೋ ಸಂಖ್ಯಾಭಾರಗಳೋ ಎಂಬುದು ಇನ್ನೂ ಚರ್ಚೆಯಾಗಬೇಕಾದ ವಿಷಯ.